ಹುಟ್ಟುಹಬ್ಬದ ಬಿರುದುಗಳು: ೧೯೧೫ರ ಒಂದು ಪಟ್ಟಿ

ಇಂಗ್ಲೆಂಡಿನ ಅರಸನಿಗೆ ಎರಡು ಹುಟ್ಟುಹಬ್ಬಗಳುಂಟು. ಒಂದು, ಅವನು ನಿಜವಾಗಿ ಹುಟ್ಟಿದ ದಿನ. ಇನ್ನೊಂದು, ರಾಜ್ಯವು ಅವನಿಗಾಗಿ ಗೊತ್ತುಮಾಡಿದ ದಿನ. ಏಳನೆಯ ಎಡ್ವರ್ಡ್ ದೊರೆ ಜನಿಸಿದ್ದು ೧೮೪೧ನೆಯ ಇಸವಿಯ ನವೆಂಬರ್ ೯ರಂದು. ಲಂಡನ್ನಿನ ನವೆಂಬರ್ ತಿಂಗಳು ಮಂಜು ಮಳೆಗಳ ಕಾಲ. ಸೇನೆಯ ಕವಾಯತಿಗಾಗಲಿ ಮೆರವಣಿಗೆಗಾಗಲಿ ಒದಗತಕ್ಕದ್ದಲ್ಲ. ಆದುದರಿಂದ ಅವನ ಆಳ್ವಿಕೆಯಲ್ಲಿ ಸಾರ್ವಜನಿಕ ಉತ್ಸವವನ್ನು ಬೇಸಗೆಗೆ ತಂದರು. ಆ ಪದ್ಧತಿಯು ಇಂದಿಗೂ ನಡೆದು ಬಂದಿದೆ. ಎರಡನೆಯ ಎಲಿಜಬೆತ್ ರಾಣಿ ಹುಟ್ಟಿದ್ದು ಏಪ್ರಿಲ್ ೨೧ರಂದು, ಈಗಿನ ಮೂರನೆಯ ಚಾರ್ಲ್ಸ್ ದೊರೆ ಹುಟ್ಟಿದ್ದು ನವೆಂಬರ್ ೧೪ರಂದು. ಉತ್ಸವವು ಮಾತ್ರ ಇಬ್ಬರಿಗೂ ಜೂನ್ ತಿಂಗಳಲ್ಲಿಯೇ. ನಮ್ಮವರಿಗೆ ಇದು ವಿಚಿತ್ರವಾಗಿ ತೋರಬೇಕಾದುದಿಲ್ಲ. ಮಾಸ ನಕ್ಷತ್ರಗಳನ್ನು ಹಿಡಿದು ವರ್ಧಂತಿಯನ್ನು ಆಚರಿಸುವ ನಮ್ಮ ಮನೆಗಳಲ್ಲಿಯೂ ಹುಟ್ಟಿದ ತಾರೀಖು ಒಂದು, ಹಬ್ಬದ ತಾರೀಖು ಇನ್ನೊಂದು. ಭೇದವಿಷ್ಟೆ: ನಾವು ಆಕಾಶದಲ್ಲಿ ನಕ್ಷತ್ರವನ್ನು ನೋಡಿ ದಿನವನ್ನು ಗೊತ್ತುಮಾಡುತ್ತೇವೆ, ಅವರು ಮೋಡವನ್ನು ನೋಡಿ ಗೊತ್ತುಮಾಡುತ್ತಾರೆ.

ಈ ಅಧಿಕೃತ ಹುಟ್ಟುಹಬ್ಬದಂದು ಅರಸನ ಹೆಸರಿನಲ್ಲಿ ಪ್ರಜೆಗಳಿಗೆ ಬಿರುದು ಪದಕಗಳನ್ನು ಹಂಚುವ ಪಟ್ಟಿಯೊಂದು ಹೊರಡುತ್ತದೆ. ಹೊಸ ವರ್ಷದ ಮೊದಲ ದಿನ ಒಂದು ಪಟ್ಟಿ, ಹುಟ್ಟುಹಬ್ಬಕ್ಕೆ ಒಂದು ಪಟ್ಟಿ. ೧೯೪೭ಕ್ಕೆ ಮುಂಚೆ ನಮ್ಮ ದೇಶದಲ್ಲಿಯೂ ಇದೇ ಕ್ರಮವಿತ್ತು. ಜನವರಿ ಬಂದಿತೆಂದರೆ, ಜೂನ್ ಬಂದಿತೆಂದರೆ, ಜಿಲ್ಲೆಜಿಲ್ಲೆಗಳ ವಕೀಲರೂ ಜಮೀನುದಾರರೂ ನಿವೃತ್ತ ಅಧಿಕಾರಿಗಳೂ ಪತ್ರಿಕೆಯನ್ನು ಬಿಚ್ಚಿ ತಮ್ಮ ಹೆಸರನ್ನು ಹುಡುಕುತ್ತಿದ್ದ ಕಾಲವೊಂದಿತ್ತು. ಆ ಕಾಲದ ಬಿರುದುಗಳು ನಮ್ಮ ಹಳೆಯ ವಿದ್ಯಾಸಂಸ್ಥೆಗಳ ಶಿಲಾಫಲಕಗಳ ಮೇಲೆ, ಹಳೆಯ ಗ್ರಂಥಗಳ ಮುಖಪುಟಗಳ ಮೇಲೆ ಇನ್ನೂ ಉಳಿದಿವೆ. ಅವುಗಳನ್ನು ನಾವು ಹೇಗೆ ಓದಬೇಕು ಎಂಬುದೇ ಪ್ರಕೃತ ಲೇಖನದ ವಿಷಯ.

ಬ್ರಿಟಿಷರು ಇಲ್ಲಿ ಕಟ್ಟಿದ ಬಿರುದಿನ ಸೋಪಾನಕ್ಕೆ ಎರಡು ಭಾಗಗಳಿದ್ದುವು. ಮೇಲಿನದು ರಾಜಮಹಾರಾಜರಿಗೂ ಉನ್ನತಾಧಿಕಾರಿಗಳಿಗೂ ಮೀಸಲಾದದ್ದು. ೧೮೬೧ರಲ್ಲಿ ಸ್ಥಾಪಿತವಾದ ‘ಸ್ಟಾರ್ ಆಫ್ ಇಂಡಿಯ’, ೧೮೭೮ರಲ್ಲಿ ಸ್ಥಾಪಿತವಾದ ‘ಇಂಡಿಯನ್ ಎಂಪೈರ್’ ಎಂಬ ಎರಡು ಶ್ರೇಣಿಗಳು, ಮತ್ತು ‘ಸರ್’ ಎಂಬ ಪದವಿ ಈ ಭಾಗಕ್ಕೆ ಸೇರಿದುವು. ಕೆಳಗಿನ ಭಾಗವೇ ಜನಸಾಮಾನ್ಯರಿಗೆ ಹೆಚ್ಚು ಪರಿಚಿತ. ಮುಂಬಯಿ ಮದರಾಸು ಪ್ರಾಂತಗಳಲ್ಲಿ ರಾವ್ ಸಾಹೇಬ, ರಾವ್ ಬಹಾದ್ದೂರ್; ಉತ್ತರದಲ್ಲಿ ರಾಯ್ ಸಾಹೇಬ, ರಾಯ್ ಬಹಾದ್ದೂರ್; ಮುಸಲ್ಮಾನರಿಗೂ ಪಾರಸಿಗಳಿಗೂ ಖಾನ್ ಸಾಹೇಬ, ಖಾನ್ ಬಹಾದ್ದೂರ್; ಇವೆಲ್ಲಕ್ಕೂ ಮೇಲೆ ದಿವಾನ್ ಬಹಾದ್ದೂರ್. ೧೯೧೧ರ ದಿಲ್ಲಿ ದರ್ಬಾರಿನಲ್ಲಿ ಈ ಬಿರುದುಗಳಿಗೆ ತಕ್ಕಂತೆ ಮೂರು ದರ್ಜೆಯ ಬಿಲ್ಲೆಗಳನ್ನೂ ಏರ್ಪಡಿಸಲಾಯಿತು. ಇವುಗಳ ಪಕ್ಕದಲ್ಲಿ, ಲೋಕಸೇವೆಗೆಂದು ೧೯೦೦ರಲ್ಲಿ ಆರಂಭವಾದ ‘ಕೈಸರ್-ಇ-ಹಿಂದ್’ ಪದಕವಿತ್ತು. ಅದರಲ್ಲಿ ಚಿನ್ನದ್ದು ಬೆಳ್ಳಿಯದ್ದು ಎಂಬ ಭೇದ.

ರಾವ್ ಬಹಾದ್ದೂರ್ ಎಂಬ ಪದವನ್ನೇ ಸ್ವಲ್ಪ ಬಿಡಿಸಿ ನೋಡಿದರೆ ಚರಿತ್ರೆಯ ಒಂದು ತಮಾಷೆ ಗೋಚರವಾಗುತ್ತದೆ. ‘ರಾವ್’ ಎಂಬುದು ರಾಜಶಬ್ದದ ತದ್ಭವ. ‘ಬಹಾದ್ದೂರ್’ ಎಂಬುದು ಮೊಗಲರ ಆಸ್ಥಾನದಿಂದ ಬಂದ ಪಾರಸಿ ಶಬ್ದ, ವೀರನೆಂದು ಅರ್ಥ. ಯುದ್ಧವನ್ನು ಕನಸಿನಲ್ಲಿಯೂ ಕಾಣದ ಧಾರವಾಡದ ವಕೀಲರೊಬ್ಬರು, ಆಂಗ್ಲ ಅರಸನ ಹುಟ್ಟುಹಬ್ಬದ ದಿನ, ಮೊಗಲರ ಭಾಷೆಯಲ್ಲಿ ವೀರರಾಗುತ್ತಿದ್ದರು! ಮೊಗಲ ಬಾದಶಹನು ಖಿಲ್ಲತ್ತನ್ನು ಹೊದಿಸುವಾಗ ಪಡೆಯುವವನು ಎದುರಿಗೆ ನಿಲ್ಲಬೇಕಾಗಿತ್ತು, ನಜರು ಒಪ್ಪಿಸಬೇಕಾಗಿತ್ತು. ಕೊಟ್ಟವನಿಗೂ ಪಡೆದವನಿಗೂ ಕಣ್ಣೆದುರಿನ ಸಂಬಂಧವೊಂದು ಏರ್ಪಡುತ್ತಿತ್ತು. ಆಂಗ್ಲರು ಅದನ್ನು ಕಾಗದಕ್ಕೆ ಇಳಿಸಿದರು. ಕಲೆಕ್ಟರನು ಶಿಫಾರಸು ಮಾಡುವನು, ಪ್ರಾಂತ ಸರ್ಕಾರವು ಸೋಸುವುದು, ವೈಸರಾಯಿಯು ಒಪ್ಪುವನು, ಗೆಜೆಟ್ಟಿನಲ್ಲಿ ಅಚ್ಚಾಗುವುದು. ‘ವೈಯಕ್ತಿಕ ಗೌರವವಾಗಿ’ ಎಂಬ ಒಂದು ಒಕ್ಕಣೆ, ಹೆಸರು, ಹುದ್ದೆ, ಊರು; ಮುಗಿಯಿತು.

ಬಿರುದೆಂಬುದು ಕನ್ನಡ ನಾಡಿಗೆ ಹೊಸದಲ್ಲವೆಂಬುದು ವಾಚಕರಿಗೆ ವಿದಿತವೇ ಆಗಿದೆ. ನಮ್ಮ ಶಾಸನಗಳಲ್ಲಿ ಅರ್ಧಭಾಗ ಬಿರುದಾವಳಿಯೇ. ಆದರೆ ಅಲ್ಲಿನ ಒಳ್ಳೆಯ ಉದಾಹರಣೆಗಳಲ್ಲಿ ಬಿರುದಿನ ಜೊತೆಗೆ ಕಾರ್ಯವೂ ಹೇಳಲ್ಪಟ್ಟಿರುತ್ತದೆ. ಗಂಗರ ಮಂತ್ರಿ ಚಾವುಂಡರಾಯನಿಗೆ ಖೇಡಗದ ಯುದ್ಧದಿಂದ ‘ಸಮರಧುರಂಧರ’ನೆಂಬ ಹೆಸರು, ಗೋನೂರಿನ ಕಾಳಗದಿಂದ ‘ವೀರಮಾರ್ತಂಡ’ನೆಂಬ ಹೆಸರು, ಉಚ್ಚಂಗಿಯ ಕೋಟೆಯ ಕಾಳಗದಿಂದ ‘ರಣರಂಗಸಿಂಗ’ನೆಂಬ ಹೆಸರು ಬಂದಿತು. ಇಂಥ ಕಾಳಗಕ್ಕೆ ಇಂಥ ಬಿರುದು ಎಂದು ಲೆಕ್ಕ ಒಪ್ಪಿಸಿದಂತಿದೆ. ಪೊನ್ನನು ಕೃಷ್ಣರಾಜನಿಂದ, ರನ್ನನು ತೈಲಪನಿಂದ ಪಡೆದ ಚಕ್ರವರ್ತಿ ಪದವಿಗೆ ಅವರವರ ಕಾವ್ಯವೇ ಸಾಕ್ಷಿ. ಗೆಜೆಟ್ಟಿನ ರಾವ್ ಬಹಾದ್ದೂರರು ಏನು ಮಾಡಿದರೆಂಬುದನ್ನು ಮಾತ್ರ ಗೆಜೆಟ್ಟು ಹೇಳುವುದಿಲ್ಲ. ಕಾರಣವನ್ನು ಹೇಳದೆ ಕೊಟ್ಟ ಗೌರವಕ್ಕೆ ಕಾರಣವನ್ನು ಊಹಿಸುವ ಹಕ್ಕು ನೆರೆಹೊರೆಯವರದಾಗುತ್ತದೆ. ಅವರು ಅದನ್ನು ಧಾರಾಳವಾಗಿ ಚಲಾಯಿಸಿದರು.

ಊಹೆಗೆ ಸ್ವತಃ ಲಂಡನ್ನೇ ಎಡೆಮಾಡಿಕೊಟ್ಟಿತು. ಲಾಯ್ಡ್ ಜಾರ್ಜರ ಪ್ರಧಾನಿತ್ವದಲ್ಲಿ ಬಿರುದುಗಳು ಪಕ್ಷದ ನಿಧಿಗೆ ಹಣ ಕೂಡಿಸುವ ಸಾಧನವಾಗಿ ಬಹಿರಂಗವಾಗಿಯೇ ಬಿಕರಿಯಾದುವು. ೧೯೨೨ರ ಹುಟ್ಟುಹಬ್ಬದ ಪಟ್ಟಿಯಲ್ಲಿ ದಕ್ಷಿಣ ಆಫ್ರಿಕದ ಗಣಿಯ ಧನಿಕ ಜೋಸೆಫ್ ರಾಬಿನ್ಸನ್ನನಿಗೆ ಪ್ರಭುಪದವಿಯನ್ನು ಘೋಷಿಸಿದಾಗ ಪ್ರಭುಗಳ ಸಭೆಯಲ್ಲಿಯೇ ಕೋಲಾಹಲವೆದ್ದಿತು; ನ್ಯಾಯಾಲಯದಿಂದ ಭಾರಿ ದಂಡಕ್ಕೆ ಗುರಿಯಾಗಿದ್ದ ಆ ಮನುಷ್ಯನು ಪದವಿಯನ್ನು ಬಿಟ್ಟುಕೊಡಬೇಕಾಯಿತು. ಬಿರುದಿನ ವ್ಯಾಪಾರವನ್ನು ಅಪರಾಧವೆಂದು ಸಾರುವ ಕಾಯಿದೆಯು ೧೯೨೫ರಲ್ಲಿ ಬಂದಿತು.

ಇಷ್ಟನ್ನು ಪೀಠಿಕೆಯಾಗಿ ಹೇಳಿ, ಈ ಇತಿಹಾಸದಲ್ಲೆಲ್ಲ ಅತ್ಯಂತ ಕುತೂಹಲಕರವೆಂದು ನಮಗೆ ತೋರುವ ಒಂದು ಪಟ್ಟಿಗೆ ಬರೋಣ. ಅದು ೧೯೧೫ರ ಜೂನ್ ೩ರ ಪಟ್ಟಿ. ಆಗ ಆಳುತ್ತಿದ್ದ ಐದನೆಯ ಜಾರ್ಜನು ಹುಟ್ಟಿದ್ದೂ ೧೮೬೫ರ ಜೂನ್ ೩ರಂದೇ ಆದುದರಿಂದ ಅವನ ಕಾಲದಲ್ಲಿ ನಿಜದ ಹುಟ್ಟುಹಬ್ಬ, ಸರ್ಕಾರದ ಹುಟ್ಟುಹಬ್ಬ ಎಂಬ ಜಗಳವಿರಲಿಲ್ಲ. ಮಹಾಯುದ್ಧವು ಆರಂಭವಾಗಿ ಹತ್ತು ತಿಂಗಳಾಗಿತ್ತು. ಭಾರತದ ಸೈನಿಕರು ಫ್ರಾನ್ಸಿನ ಕಂದಕಗಳಲ್ಲಿದ್ದರು. ಸಾಮ್ರಾಜ್ಯಕ್ಕೆ ಭಾರತದ ಸದ್ಭಾವನೆ ಹಿಂದೆಂದಿಗಿಂತಲೂ ಹೆಚ್ಚಾಗಿ ಬೇಕಾಗಿತ್ತು. ಆ ದಿನದ ಪಟ್ಟಿಯಲ್ಲಿ, ಎರಡು ವರ್ಷಗಳ ಹಿಂದೆ ನೊಬೆಲ್ ಪಾರಿತೋಷಿಕವನ್ನು ಪಡೆದಿದ್ದ ರವೀಂದ್ರನಾಥ ಠಾಕೂರರಿಗೆ ‘ಸರ್’ ಪದವಿ ಬಂದಿತು. ಅದೇ ಪಟ್ಟಿಯಲ್ಲಿ, ಆ ವರ್ಷದ ಜನವರಿ ೯ರಂದು ದಕ್ಷಿಣ ಆಫ್ರಿಕವನ್ನು ಬಿಟ್ಟು ಬಂದು ಮುಂಬಯಿಯ ಬಂದರಿನಲ್ಲಿ ಇಳಿದಿದ್ದ ಮೋಹನದಾಸ ಕರಮಚಂದ ಗಾಂಧಿಯವರಿಗೆ ಕೈಸರ್-ಇ-ಹಿಂದ್ ಚಿನ್ನದ ಪದಕವು ಬಂದಿತು.

ಒಂದೇ ಗೆಜೆಟ್ಟಿನಲ್ಲಿ ಈ ಎರಡು ಹೆಸರುಗಳು! ಸರ್ಕಾರವು ಆಗ ತಿಳಿಯದೆ ಮಾಡಿದ ಕೆಲಸವೆಂದು ಇದನ್ನು ನಗೆಯಾಡುವುದು ಸುಲಭ. ಆದರೆ ನ್ಯಾಯವಾಗಿ ನೋಡಿದರೆ ಅಧಿಕಾರಿಗಳು ತಪ್ಪು ಲೆಕ್ಕ ಹಾಕಿರಲಿಲ್ಲ. ಗಾಂಧಿಯವರು ೧೮೯೯ರ ಬೋಯರ್ ಯುದ್ಧದಲ್ಲಿಯೂ ೧೯೦೬ರ ಜುಲು ಬಂಡಾಯದಲ್ಲಿಯೂ ಗಾಯಾಳುಗಳನ್ನು ಹೊರುವ ಭಾರತೀಯರ ಪಡೆಗಳಲ್ಲಿ ದುಡಿದಿದ್ದರು. ೧೯೧೪ರಲ್ಲಿ ಲಂಡನ್ನಿನಲ್ಲಿಯೂ ಅಂಥ ಪಡೆಯೊಂದನ್ನು ಕೂಡಿಸಿದ್ದರು. ಸಾಮ್ರಾಜ್ಯದ ಪ್ರಜೆಯಾಗಿ ಕರ್ತವ್ಯವನ್ನು ಮಾಡಿದರೆ ಪ್ರಜೆಯ ಹಕ್ಕುಗಳು ಬರುವುವೆಂಬ ನಂಬಿಕೆ ಆಗ ಅವರಲ್ಲಿತ್ತು. ೧೯೧೮ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸಲು ಹಳ್ಳಿಹಳ್ಳಿ ತಿರುಗಿದವರೂ ಅವರೇ. ಹೀಗಿರುವಲ್ಲಿ ಪದಕವನ್ನು ಕೊಟ್ಟವರೂ ಪಡೆದವರೂ ಅಂದಿನ ಮಟ್ಟಿಗೆ ಪ್ರಾಮಾಣಿಕರೇ ಆಗಿದ್ದರೆನ್ನಬೇಕು.

ಎಲ್ಲರೂ ಹಾಗೆ ಕೈಯೊಡ್ಡಲಿಲ್ಲವೆಂಬುದನ್ನೂ ಇಲ್ಲಿಯೇ ನೆನೆಯಬೇಕು. ಗಾಂಧಿಯವರು ಗುರುವೆಂದು ಭಾವಿಸಿದ್ದ ಪುಣೆಯ ಗೋಪಾಲ ಕೃಷ್ಣ ಗೋಖಲೆಯವರು ೧೯೦೪ರಲ್ಲಿ ಸಿ.ಐ.ಇ. ಎಂಬ ಕೆಳಗಿನ ದರ್ಜೆಯ ಗೌರವವನ್ನು ಒಪ್ಪಿದ್ದರೂ, ೧೯೧೪ರಲ್ಲಿ ‘ಸರ್’ ಎನಿಸಿಕೊಳ್ಳುವ ಕೆ.ಸಿ.ಐ.ಇ. ಪದವಿಯು ಬಂದಾಗ ಸೌಜನ್ಯದಿಂದಲೇ ಬೇಡವೆಂದರು. ಮರುವರ್ಷದ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ನಿರಾಕರಣೆಯು ಖಾಸಗಿ ಪತ್ರದಲ್ಲಿ ಮುಗಿದು ಹೋಗುವ ಮಾತು. ಪಡೆದುದನ್ನು ಹಿಂದಿರುಗಿಸುವುದಾದರೋ ಲೋಕದ ಎದುರಿಗೆ ನಡೆಯುವ ಕಾರ್ಯ. ಮದರಾಸಿನ ಎಸ್. ಸುಬ್ರಹ್ಮಣ್ಯ ಅಯ್ಯರ್ ಅವರು ೧೯೧೭ರಲ್ಲಿ ಅಮೆರಿಕದ ಅಧ್ಯಕ್ಷ ವಿಲ್ಸನ್ನರಿಗೆ ಭಾರತದ ಸ್ಥಿತಿಯನ್ನು ಕುರಿತು ಕಾಗದ ಬರೆದು, ಅದಕ್ಕಾಗಿ ಆಕ್ಷೇಪಕ್ಕೆ ಗುರಿಯಾದಾಗ, ೧೯೧೮ರಲ್ಲಿ ತಮ್ಮ ‘ಸರ್’ ಪದವಿಯನ್ನೂ ದಿವಾನ್ ಬಹಾದ್ದೂರ್ ಬಿರುದನ್ನೂ ತ್ಯಜಿಸಿದರು. ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ವೃದ್ಧರೊಬ್ಬರು ಹೀಗೆ ಮಾಡಿದ್ದು ಅಂದಿಗೆ ಅಪೂರ್ವ. ಇವರ ಹೆಸರು ಈಗ ಮರೆಯಾಗಿರುವುದು ವಿಷಾದಕರ.

೧೯೧೯ರ ಏಪ್ರಿಲ್ ೧೩ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ನಡೆದ ಹತ್ಯೆಯ ಸುದ್ದಿಯು ಪಂಜಾಬಿನಿಂದ ತಡೆತಡೆದು ಹೊರಬಂದಿತು. ಮೇ ತಿಂಗಳ ಕೊನೆಯಲ್ಲಿ ಠಾಕೂರರು ವೈಸರಾಯಿ ಚೆಮ್ಸ್‌ಫರ್ಡರಿಗೆ ಬರೆದ ಪತ್ರವು ಲೋಕಪ್ರಸಿದ್ಧವಾಗಿದೆ. ತಮ್ಮ ದೇಶಬಾಂಧವರು ಮನುಷ್ಯರಿಗೆ ತಕ್ಕುದಲ್ಲದ ಅವಮಾನಕ್ಕೆ ಈಡಾಗಿರುವಾಗ ಗೌರವದ ಗುರುತುಗಳು ಲಜ್ಜೆಯನ್ನೇ ಎತ್ತಿ ತೋರಿಸುತ್ತವೆಂಬುದು ಅದರ ತಾತ್ಪರ್ಯ. ಕಾಲವನ್ನು ಗಮನಿಸಿರಿ: ಆ ವರ್ಷದ ಹುಟ್ಟುಹಬ್ಬದ ಪಟ್ಟಿ ಹೊರಬೀಳಲು ಇನ್ನು ಕೆಲವೇ ದಿನಗಳಿದ್ದುವು. ನಾಲ್ಕು ವರ್ಷಗಳ ಹಿಂದೆ ಯಾವ ದಿನ ಗೌರವವು ಬಂದಿತೋ ಆ ದಿನವು ಮತ್ತೆ ಬರುವ ಮುನ್ನ ಕವಿಯು ಅದನ್ನು ಕಳಚಿಟ್ಟರು. ಪಟ್ಟಿಯಾದರೋ ಎಂದಿನಂತೆ ಹೊರಟಿತು. ಸರ್ಕಾರವು ಠಾಕೂರರ ಪದವಿಯನ್ನು ವಿಧಿವತ್ತಾಗಿ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ದೊರೆಯು ಕೊಟ್ಟದ್ದನ್ನು ಪ್ರಜೆಯು ತಾನಾಗಿ ಬಿಡಲು ಶಾಸ್ತ್ರದಲ್ಲಿ ಅವಕಾಶವಿಲ್ಲವೆಂಬಂತೆ ನಡೆದುಕೊಂಡಿತು.

ಗಾಂಧಿಯವರ ಸರದಿ ಮರುವರ್ಷ ಬಂದಿತು. ೧೯೨೦ರ ಆಗಸ್ಟ್ ೧ರಂದು ಅವರು ಚೆಮ್ಸ್‌ಫರ್ಡರಿಗೇ ಪತ್ರ ಬರೆದು ಕೈಸರ್-ಇ-ಹಿಂದ್ ಪದಕವನ್ನೂ ಜುಲು ಮತ್ತು ಬೋಯರ್ ಯುದ್ಧಗಳ ಪದಕಗಳನ್ನೂ ಹಿಂದಿರುಗಿಸಿದರು. ಖಿಲಾಫತ್ತಿನ ವಿಷಯದಲ್ಲಿಯೂ ಪಂಜಾಬಿನ ವಿಷಯದಲ್ಲಿಯೂ ಸರ್ಕಾರವು ನಡೆದುಕೊಂಡ ರೀತಿಯಿಂದ ಅದರ ಮೇಲಿನ ಆದರ ಉಳಿದಿಲ್ಲವೆಂಬುದು ಅವರು ಕೊಟ್ಟ ಕಾರಣ. ಅದೇ ದಿನ ಬೆಳಗಿನ ಜಾವ ಮುಂಬಯಿಯ ಸರದಾರ ಗೃಹದಲ್ಲಿ ತಿಲಕರು ದೇಹ ಬಿಟ್ಟಿದ್ದರು. ಅವರಿಗೆ ಯಾವ ಗೆಜೆಟ್ಟೂ ಕೊಡದ ‘ಲೋಕಮಾನ್ಯ’ ಎಂಬ ಬಿರುದು ಇತ್ತು. ಸರೋಜಿನಿ ನಾಯ್ಡು ಅವರೂ ಹೈದರಾಬಾದಿನ ಮೂಸಿ ನದಿಯ ಪ್ರವಾಹದ ಕಾಲದ ಸೇವೆಗಾಗಿ ಪಡೆದಿದ್ದ ಕೈಸರ್-ಇ-ಹಿಂದ್ ಪದಕವನ್ನು ಹಿಂದಿರುಗಿಸಿದರು. ಹೀಗೆ ೧೯೧೫ರ ಪಟ್ಟಿಯ ಎರಡು ಮುಖ್ಯ ಹೆಸರುಗಳು ಐದೇ ವರ್ಷಗಳಲ್ಲಿ ಅದರಿಂದ ತಾವಾಗಿ ಹೊರಬಂದುವು.

ಆ ವರ್ಷದ ಸೆಪ್ಟೆಂಬರಿನಲ್ಲಿ ಕಲಕತ್ತೆಯಲ್ಲಿ ಸೇರಿದ ವಿಶೇಷ ಕಾಂಗ್ರೆಸ್ಸು ಅಸಹಕಾರದ ಕಾರ್ಯಕ್ರಮದಲ್ಲಿ ಬಿರುದುಗಳ ತ್ಯಾಗವನ್ನು ಮೊದಲನೆಯ ಸ್ಥಾನದಲ್ಲಿಟ್ಟಿತು. ಡಿಸೆಂಬರಿನ ನಾಗಪುರ ಕಾಂಗ್ರೆಸ್ಸು ಆ ಕಾರ್ಯಕ್ರಮವನ್ನು ಸ್ಥಿರಪಡಿಸಿತು. ಅದೇ ನಾಗಪುರದಲ್ಲಿಯೇ ಕಾಂಗ್ರೆಸ್ಸು ಭಾಷಾವಾರು ಪ್ರಾಂತಗಳನ್ನು ಒಪ್ಪಿದ್ದರಿಂದ ಕರ್ನಾಟಕಕ್ಕೆ ತನ್ನದೇ ಆದ ಪ್ರಾಂತ ಸಮಿತಿ ದೊರೆಯಿತೆಂಬುದು ಕನ್ನಡಿಗರು ಮರೆಯದ ಸಂಗತಿ. ಅದರ ಅಧ್ಯಕ್ಷರಾದ ಗಂಗಾಧರರಾವ್ ದೇಶಪಾಂಡೆಯವರಿಗೆ ಜನರು ‘ಕರ್ನಾಟಕ ಸಿಂಹ’ವೆಂಬ ಹೆಸರಿಟ್ಟರು. ಬಿರುದು ಕೊಡುವ ಅಧಿಕಾರವು ಅರಮನೆಯಿಂದ ಸಭಾಮಂಟಪಕ್ಕೆ ಬಂದಿತ್ತು. ಆದರೆ ಬಿರುದನ್ನು ಬಿಟ್ಟವರು ಎಷ್ಟು ಮಂದಿ? ಬಹಳ ಸ್ವಲ್ಪ. ಜಮನಾಲಾಲ್ ಬಜಾಜರು ೧೯೨೧ರಲ್ಲಿ ತಮ್ಮ ರಾಯ್ ಬಹಾದ್ದೂರಿಯನ್ನು ಬಿಟ್ಟರು. ಅಂಥವರನ್ನು ಬೆರಳ ಮೇಲೆ ಎಣಿಸಬಹುದಾಗಿತ್ತು. ಅಸಹಕಾರದ ಅಂಗಗಳಲ್ಲೆಲ್ಲ ಅತ್ಯಂತ ಸುಲಭವೆಂದು ತೋರಿದ ಇದೇ ಅತ್ಯಂತ ಕಡಿಮೆ ಫಲ ಕೊಟ್ಟಿತು. ಪರದೇಶದ ಬಟ್ಟೆಯನ್ನು ಬೆಂಕಿಗೆ ಹಾಕುವುದಕ್ಕಿಂತ ಹೆಸರಿನ ಹಿಂದಿನ ಎರಡು ಅಕ್ಷರಗಳನ್ನು ಬಿಡುವುದು ಮನುಷ್ಯನಿಗೆ ಕಷ್ಟ.

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ೧೯೧೫ರ ಆ ಜೂನ್ ತಿಂಗಳಲ್ಲಿ ಕನ್ನಡಿಗರು ಒಬ್ಬನೇ ಪ್ರಭುವಿನ ಪ್ರಜೆಗಳಾಗಿರಲಿಲ್ಲ. ಧಾರವಾಡ ಬೆಳಗಾವಿಗಳವರು ಮುಂಬಯಿಗೆ, ಮಂಗಳೂರು ಬಳ್ಳಾರಿಗಳವರು ಮದರಾಸಿಗೆ, ಗುಲ್ಬರ್ಗ ರಾಯಚೂರುಗಳವರು ನಿಜಾಮನಿಗೆ ಸೇರಿದವರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದರು. ಅವರು ಹುಟ್ಟಿದ ತಾರೀಖು ೧೮೮೪ರ ಜೂನ್ ೪. ಚಕ್ರವರ್ತಿಯ ಹುಟ್ಟುಹಬ್ಬದ ಮರುದಿನ! ಮೈಸೂರಿನ ಅರಮನೆಯೂ ವರ್ಧಂತಿ, ದಸರೆ ಮೊದಲಾದ ಸಂದರ್ಭಗಳಲ್ಲಿ ಬಿರುದುಗಳನ್ನು ಕೊಡುತ್ತಿದ್ದಿತು. ಆದರೆ ಅವು ಬೇರೆ ಅಚ್ಚಿನಲ್ಲಿ ಎರೆದವು: ರಾಜಮಂತ್ರಪ್ರವೀಣ, ರಾಜಸಭಾಭೂಷಣ, ರಾಜಸೇವಾಸಕ್ತ. ಪಾರಸಿಯ ಬಹಾದ್ದೂರಿಯ ಜಾಗದಲ್ಲಿ ಸಂಸ್ಕೃತದ ಸಮಾಸ. ಪಡೆದವರ ಗುಣವನ್ನಾಗಲಿ ಕೆಲಸವನ್ನಾಗಲಿ ಒಂದಿಷ್ಟಾದರೂ ಸೂಚಿಸುವ ಪದ. ಅದೇ ವರ್ಷದ ಮೇ ತಿಂಗಳ ಮೊದಲ ವಾರದಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾದ ಎಚ್.ವಿ. ನಂಜುಂಡಯ್ಯನವರು ರಾಜಮಂತ್ರಪ್ರವೀಣರು. ಇಂಗ್ಲಿಷ್ ಗೀತಗಳ ಬಿ.ಎಂ. ಶ್ರೀಕಂಠಯ್ಯನವರಿಗೆ ೧೯೩೮ರಲ್ಲಿ ರಾಜಸೇವಾಸಕ್ತ ಬಿರುದು ಬಂದಿತು. ಬೆಂಗಳೂರಿನ ಪುರಭವನವು ಯಾರ ಹೆಸರನ್ನು ಹೊತ್ತಿದೆಯೋ ಆ ಪುಟ್ಟಣ್ಣ ಚೆಟ್ಟಿಯವರ ಪೂರ್ಣನಾಮವು ‘ರಾಜಸಭಾಭೂಷಣ ದಿವಾನ್ ಬಹಾದ್ದೂರ್ ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿ’. ಇಬ್ಬರು ಪ್ರಭುಗಳು, ಮೂರು ಬಿರುದುಗಳು, ಒಬ್ಬ ಮನುಷ್ಯ. ಅಂದಿನ ಮೈಸೂರಿನ ರಾಜ್ಯವ್ಯವಸ್ಥೆಯೆಲ್ಲವೂ ಆ ಒಂದು ಸಾಲಿನಲ್ಲಿ ಅಡಗಿದೆ.

ಕವಿಚರಿತೆಯ ಆರ್. ನರಸಿಂಹಾಚಾರ್ಯರದೂ ಇಂಥದೇ ಉದಾಹರಣೆ. ಮೈಸೂರಿನ ‘ಪ್ರಾಕ್ತನವಿಮರ್ಶವಿಚಕ್ಷಣ’, ಸಾಮ್ರಾಜ್ಯದ ‘ರಾವ್ ಬಹಾದ್ದೂರ್’, ‘ಮಹಾಮಹೋಪಾಧ್ಯಾಯ’ ಎಂಬ ಮೂರೂ ಅವರಿಗಿದ್ದುವು. ಮೊದಲನೆಯದನ್ನು ಓದಿದರೆ ಅವರು ಹಳೆಯ ಶಾಸನ ಗ್ರಂಥಗಳನ್ನು ಶೋಧಿಸಿದವರೆಂದು ತಿಳಿಯುತ್ತದೆ. ಎರಡನೆಯದನ್ನು ಓದಿದರೆ ಏನೂ ತಿಳಿಯುವುದಿಲ್ಲ. ಆದರೂ ಇವರನ್ನು ಸರ್ಕಾರದ ಹೊಗಳುಭಟರೆಂದು ಯಾರೂ ಹೇಳಲಾರರು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆಯುವವರೆಲ್ಲರೂ ಈಗಲೂ ಅವರ ಕವಿಚರಿತೆಯ ಋಣದಲ್ಲಿದ್ದಾರೆ.

ಮಂಗಳೂರಿನ ರಾವ್ ಸಾಹೇಬ ಕುದ್ಮುಲ್ ರಂಗರಾಯರ ಸಂಗತಿಯು ಇನ್ನೂ ವಿಚಾರಾರ್ಹವಾದದ್ದು. ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿ ವಕೀಲಿಯನ್ನು ಹಿಡಿದಿದ್ದ ಇವರು ೧೮೯೨ರಲ್ಲಿ ಅಸ್ಪೃಶ್ಯರೆನಿಸಿದ್ದ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಸ್ವಜಾತಿಯವರು ಬಹಿಷ್ಕರಿಸಿದರು; ಆದರೂ ೧೯೨೮ರಲ್ಲಿ ಕಣ್ಣು ಮುಚ್ಚುವವರೆಗೆ ಆ ಕೆಲಸವನ್ನು ಬಿಡಲಿಲ್ಲ. ಇವರಿಗೆ ನೆರೆಹೊರೆಯ ಸಮಾಜವು ಕೊಟ್ಟದ್ದು ನಿಂದೆ, ಪರಕೀಯ ಸರ್ಕಾರವು ಕೊಟ್ಟದ್ದು ರಾವ್ ಸಾಹೇಬಗಿರಿ. ಬಿರುದುಗಳೆಲ್ಲ ದಾಸ್ಯದ ಮುದ್ರೆಗಳೆಂದು ಒಂದೇ ಮಾತಿನಲ್ಲಿ ತೀರ್ಮಾನಿಸುವವರು ಈ ಹೆಸರಿನ ಎದುರಿಗೆ ಸ್ವಲ್ಪ ನಿಲ್ಲಬೇಕಾಗುತ್ತದೆ. ಗೌರವಿಸಬೇಕಾದವರು ಗೌರವಿಸದಿದ್ದಾಗ ಬೇರೆಯವರು ಗೌರವಿಸಿದರೆ ಲಜ್ಜೆ ಯಾರದು?

ಹಾಗೆಂದು ಬಿರುದುಗಳ ರಾಶಿಯೆಲ್ಲವೂ ಇಂಥ ರತ್ನಗಳೆಂದು ನಾವು ಹೇಳುವುದಿಲ್ಲ. ಯುದ್ಧಕಾಲದಲ್ಲಿ ಸಾಲಪತ್ರಗಳನ್ನು ಕೊಂಡುದಕ್ಕೆ, ಸೈನ್ಯಕ್ಕೆ ಜನರನ್ನು ಒದಗಿಸಿದುದಕ್ಕೆ, ಚಳವಳಿಯ ಕಾಲದಲ್ಲಿ ಜಿಲ್ಲೆಯನ್ನು ಸುಮ್ಮನಿರಿಸಿದುದಕ್ಕೆ ಬಂದ ಬಿರುದುಗಳು ಅನೇಕ. ಒಳ್ಳೆಯ ಹೆಸರುಗಳ ನಡುವೆ ಇವು ಸೇರಿಕೊಂಡದ್ದೇ ಪಟ್ಟಿಯ ಚಾತುರ್ಯ. ಕುದ್ಮುಲ್ ರಂಗರಾಯರಂಥವರಿಂದ ಪಟ್ಟಿಗೆ ಬಂದ ಗೌರವವನ್ನು ಉಳಿದವರು ಹಂಚಿಕೊಂಡರು. ಆದುದರಿಂದಲೇ ಸಂಶೋಧಕರು ಇಲ್ಲಿ ಹೆಚ್ಚಿನ ಎಚ್ಚರಿಕೆ ವಹಿಸಬೇಕು. ಈಚಿನ ಜೀವನಚರಿತ್ರೆಗಳಲ್ಲಿಯೂ ಸ್ಮರಣಸಂಚಿಕೆಗಳಲ್ಲಿಯೂ ಎರಡು ಬಗೆಯ ದೋಷಗಳು ಕಾಣುತ್ತವೆ. ಕೆಲವರು ದೇಶಾಭಿಮಾನದಿಂದ ಬಿರುದನ್ನು ಅಳಿಸಿಯೇ ಬಿಡುತ್ತಾರೆ. ಕೆಲವರು ಭಕ್ತಿಯಿಂದ ಎಲ್ಲವನ್ನೂ ಒಂದೇ ಸಾಲಿನಲ್ಲಿ ಪೋಣಿಸಿ, ಯಾವುದು ಅರಮನೆಯದು, ಯಾವುದು ವೈಸರಾಯಿಯದು, ಯಾವುದು ಜನರು ಕೊಟ್ಟದ್ದು ಎಂದು ತಿಳಿಸದೆ ಬಿಡುತ್ತಾರೆ. ಕೊಟ್ಟವರು ಯಾರು, ಯಾವ ವರ್ಷ, ಯಾವ ಪಟ್ಟಿ ಎಂಬ ಮೂರು ಮಾತುಗಳನ್ನು ಸೇರಿಸಿದರೆ ಬಿರುದು ಅಲಂಕಾರವಾಗಿ ಉಳಿಯದೆ ದಾಖಲೆಯಾಗುತ್ತದೆ. ೧೯೧೫ರಲ್ಲಿ ಬಂದ ಬಿರುದಿಗೂ ೧೯೧೯ರ ಜೂನಿನಲ್ಲಿ ಬಂದ ಬಿರುದಿಗೂ ಇರುವ ಅಂತರವು ಆ ಒಂದು ಇಸವಿಯಲ್ಲಿಯೇ ಇದೆ. ಅಮೃತಸರದ ಸುದ್ದಿ ಬಂದ ಮೇಲೆ ಒಪ್ಪಿದವರು ಬೇರೆ, ಅದಕ್ಕೆ ಮುಂಚೆ ಒಪ್ಪಿದವರು ಬೇರೆ. ಮುಂಬಯಿ ಪುಣೆಗಳ ಹಳೆಯ ಗ್ರಂಥಾಲಯಗಳಲ್ಲಿ ಸರ್ಕಾರಿ ಗೆಜೆಟ್ಟುಗಳನ್ನು ನೋಡಲು ಅನುಕೂಲವುಳ್ಳ ಹೊರನಾಡ ಕನ್ನಡಿಗರು ಈ ಕೆಲಸದಲ್ಲಿ ಒಳನಾಡಿನವರಿಗೆ ನೆರವಾಗಬಹುದು.

ಸ್ವಾತಂತ್ರ್ಯವು ಬಂದ ಮೇಲೆ ೧೯೫೦ರ ಸಂವಿಧಾನವು ತನ್ನ ೧೮ನೆಯ ಅನುಚ್ಛೇದದಲ್ಲಿ, ಸೈನಿಕ ಮತ್ತು ವಿದ್ಯಾವಿಷಯಕ ವಿಶೇಷಣಗಳ ಹೊರತು ರಾಜ್ಯವು ಯಾವ ಬಿರುದನ್ನೂ ಕೊಡಕೂಡದೆಂದು ವಿಧಿಸಿತು. ಆದರೆ ಗೌರವಿಸುವ ಆಸೆ ರಾಜ್ಯಗಳಿಗೆ ಬೇಗ ಹೋಗುವುದಿಲ್ಲ. ೧೯೫೪ರ ಜನವರಿಯಲ್ಲಿ ಭಾರತರತ್ನವೂ ಪದ್ಮ ಪುರಸ್ಕಾರಗಳೂ ಬಂದುವು. ಅರಸನ ಹುಟ್ಟುಹಬ್ಬದ ಬದಲಾಗಿ ಗಣರಾಜ್ಯದ ಹುಟ್ಟುಹಬ್ಬಕ್ಕೆ ಪದ್ಮ ಪಟ್ಟಿ ಹೊರಡತೊಡಗಿತು. ಜನತಾ ಸರ್ಕಾರವು ೧೯೭೭ರಲ್ಲಿ ಇವನ್ನು ನಿಲ್ಲಿಸಿತು. ೧೯೮೦ರಲ್ಲಿ ಮತ್ತೆ ಆರಂಭವಾದುವು. ಒಲ್ಲೆನೆನ್ನುವವರ ಪರಂಪರೆಯೂ ಜೊತೆಜೊತೆಗೆ ಮುಂದುವರಿಯಿತು. ೨೦೧೮ರಲ್ಲಿ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದರು. ಈ ಪುರಸ್ಕಾರಗಳು ಸಂವಿಧಾನವು ನಿಷೇಧಿಸಿದ ಬಿರುದುಗಳೇ ಅಲ್ಲವೇ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ೧೯೯೫ರ ಡಿಸೆಂಬರಿನಲ್ಲಿ ಅದು ಅಲ್ಲವೆಂದು ತೀರ್ಪಿತ್ತಿತು; ಪಡೆದವರು ಮಾತ್ರ ಅವನ್ನು ಹೆಸರಿನ ಹಿಂದೆಯಾಗಲಿ ಮುಂದೆಯಾಗಲಿ ಹಚ್ಚಿಕೊಳ್ಳಕೂಡದೆಂದು ಹೇಳಿತು.

ಈ ತೀರ್ಪನ್ನು ಕನ್ನಡಿಗರು ಒಬ್ಬರ ವಿಷಯದಲ್ಲಿ ತಿಳಿಯದೆಯೇ ಪಾಲಿಸಿಕೊಂಡು ಬಂದ ಹಾಗಿದೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ, ಅವರು ಮೈಸೂರಿನ ದಿವಾನರಾಗಿದ್ದಾಗ, ಅದೇ ೧೯೧೫ರಲ್ಲಿ ಐದನೆಯ ಜಾರ್ಜನ ಹೆಸರಿನಲ್ಲಿ ಕೆ.ಸಿ.ಐ.ಇ. ಪದವಿ ಬಂದಿತ್ತು. ನಲವತ್ತು ವರ್ಷಗಳ ಮೇಲೆ, ೧೯೫೫ರಲ್ಲಿ, ಸ್ವತಂತ್ರ ಭಾರತವು ಅವರಿಗೆ ಭಾರತರತ್ನವನ್ನು ಕೊಟ್ಟಿತು. ಮಂಡ್ಯದ ಗದ್ದೆಯ ಬದುವಿನಲ್ಲಿ ನಿಂತ ಒಕ್ಕಲಿಗನಾಗಲಿ, ಮುಂಬಯಿಯ ಕಾರ್ಖಾನೆಯ ಕನ್ನಡ ಇಂಜಿನಿಯರನಾಗಲಿ ಅವರನ್ನು ಇಂದಿಗೂ ಕರೆಯುವುದು ‘ಸರ್ ಎಂ.ವಿ.’ ಎಂದೇ.